ನಾನು ರಾಜಿ ಮಾಡಿಸಿದ ಅಣ್ಣತಮ್ಮಂದಿರು

ಮೊದಲ ಕತೆ ಅಚ್ಚಾದರೆ ಜನ ಹುಡುಕಿಕೊಂಡು ಬಂದು ಕೈ ಕುಲುಕುತ್ತಾರೆ ಅಂತ ಕೇಳಿದ್ದೆ. ಪುಟ್ಟೇಗೌಡರು ನನ್ನ ಮುಖ ನೋಡಿದವರೇ ಬಾಗಿಲು ಹಾಕಿಕೊಂಡರು.

ಆಮೇಲೆ ತೆಗೆದರು ಅನ್ನಿ. ತೆಗೆಯಲೇಬೇಕು. ಮೀಟರ್ ಇರುವುದು ಒಳಗೆ, ನಾನು ಹೋಗಿದ್ದು ಮೀಟರ್ ನೋಡಲು.

ನಿಮಗೆ ಗೊತ್ತೇ ಇದೆ, ಈ ಅಂಕಣದಿಂದ ನನ್ನ ಹೊಟ್ಟೆ ತುಂಬುವುದಿಲ್ಲ. ಹೊಟ್ಟೆಗೆ ಕರೆಂಟ್ ಆಫೀಸು ಇದೆ. ಹುಣಸೂರಿನಲ್ಲಿ ಬೆಳಿಗ್ಗೆ ಬಸ್ ಹತ್ತಿ, ಹಂಪಾಪುರದ ಸುತ್ತಮುತ್ತ ಮನೆಮನೆಗೆ ಹೋಗಿ ರೀಡಿಂಗ್ ಬರೆದುಕೊಳ್ಳುವವನು ನಾನು. ಸಾಹಿತ್ಯವೆಲ್ಲ ಬಸ್ಸಿನಲ್ಲೇ, ಅದೂ ಸೀಟ್ ಸಿಕ್ಕಿದ ದಿನ. (ನಿಂತುಕೊಂಡು ಬಂದ ವಾರ ಅಂಕಣ ಗಿಡ್ಡವಾಗಿರುತ್ತೆ, ಗಮನಿಸಿರಬಹುದು.) ಆಫೀಸಿನವರು ನನ್ನನ್ನು 'ಸಾಹಿತಿಗಳೇ' ಅಂತಾರೆ, ಸಾಹಿತಿಗಳು 'ಕರೆಂಟಿನವರೇ' ಅಂತಾರೆ. ನಾನು ಯಾರು ಅಂತ ನನಗೂ ಇನ್ನೂ ಬಗೆಹರಿದಿಲ್ಲ.

ವಿಷಯಕ್ಕೆ ಬರೋಣ. ನಾನು ಹೋಗುವ ಊರೊಂದರಲ್ಲಿ ಅಣ್ಣ ಪುಟ್ಟೇಗೌಡ, ತಮ್ಮ ಮಂಜೇಗೌಡ ಅಂತ ಇದ್ದಾರೆ. (ಹೆಸರು ಬದಲಾಯಿಸಿದ್ದೇನೆ. ಊರಿಗೆ ಗೊತ್ತಾಗುತ್ತೆ, ಬಿಡಿ.) ಬದುವಿನ ಮೇಲಿನ ಹುಣಸೆಮರಕ್ಕೆ ಜಗಳ ಹತ್ತಿ, ಪಡಸಾಲೆ ನಡುವೆ ಗೋಡೆ ಎದ್ದು, ಒಂದು ಮನೆ ಎರಡಾಗಿದೆ. ಮೀಟರ್ ಕೂಡ ಎರಡು. ಅಣ್ಣತಮ್ಮಂದಿರಿಗೆ ಮಾತಿಲ್ಲ. ಆದರೆ ನಾನು ರೀಡಿಂಗ್ ಬರೆದುಕೊಳ್ಳುವಾಗ ಪುಟ್ಟೇಗೌಡರು ಎಲ್ಲೋ ನೋಡುತ್ತಾ ಕೇಳುತ್ತಿದ್ದರು:

“ಆ ಕಡೇದು ಎಷ್ಟಾಗಿತ್ತು ಸಾರ್?”

ಕಮ್ಮಿ ಅಂದರೆ ಮುಖ ಸಪ್ಪೆ. “ಯಾಕಂತೆ? ಎಲ್ಲಾ ಉಸಾರಾಗವ್ರಾ?” ಜಾಸ್ತಿ ಅಂದರೆ, “ನೆಂಟ್ರು ಬಂದಿರ್ಬೇಕು.” ಪಕ್ಕದ ಬಾಗಿಲಿಗೆ ಹೋದರೆ ಮಂಜೇಗೌಡರದ್ದೂ ಅದೇ ಪ್ರಶ್ನೆ. ಒಡಹುಟ್ಟಿದವರ ಯೋಗಕ್ಷೇಮ ಯೂನಿಟ್ ಲೆಕ್ಕದಲ್ಲಿ!

ಕತೆಗಾರನಾಗಬೇಕು ಅಂತ ಹೊರಟವನು ಇದನ್ನು ಬಿಡುತ್ತಾನಾ?

ಬರೆದೆ. ಹೆಸರು ಬದಲಿಸಿದೆ. ಊರನ್ನೇ ಎತ್ತಿ ಸಾಲಿಗ್ರಾಮದ ಕಡೆ ಇಟ್ಟೆ. ಕೊನೆ ಮಾತ್ರ ಪೂರ್ತಿ ನನ್ನ ಕಲ್ಪನೆ: ಒಂದು ಬೆಳಿಗ್ಗೆ ಅಣ್ಣ ತಾನಾಗಿಯೇ ತಮ್ಮನ ಬಾಗಿಲಿಗೆ ಹೋಗಿ, 'ಕಾಪಿ ಇದ್ರೆ ಒಂದ್ಲೋಟ ಕೊಡೋ' ಅಂತಾನೆ. ಬರೆದು ನಾನೇ ಕಣ್ಣೊರೆಸಿಕೊಂಡೆ. (ಪಕ್ಕದ ಸೀಟಿನವರು ಧೂಳು ಅಂದುಕೊಂಡು ಕಿಟಕಿ ಮುಚ್ಚಿದರು.)

ಕತೆ ವಾರಪತ್ರಿಕೆಯೊಂದರಲ್ಲಿ ಬಂತು. ಆ ಪತ್ರಿಕೆ ಹಂಪಾಪುರದ ಕಟಿಂಗ್ ಶಾಪಿಗೂ ಬರುತ್ತೆ ಅಂತ ನನಗೇನು ಗೊತ್ತು? ಸರದಿಗೆ ಕಾಯುತ್ತಾ ಕೂತ ಯಾರೋ ಗಟ್ಟಿಯಾಗಿ ಓದಿದ್ದಾರೆ. ಗೋಡೆ, ಹುಣಸೆಮರ, ಯೂನಿಟ್ಟು. ಇನ್ನು ಸಾಲಿಗ್ರಾಮ ಅಂದರೆ ನಂಬುವವರು ಯಾರು?

ಅದಾದ ಮೇಲೆ ಈ ವಾರವೇ ನಾನು ಅಲ್ಲಿಗೆ ಹೋಗಿದ್ದು.

“ಬನ್ನಿ ಕತೆಗಾರ್ರೇ,” ಅಂದರು ಬಾಗಿಲು ತೆಗೆದ ಪುಟ್ಟೇಗೌಡರು. “ನಾನೇ ಮದ್ಲು ಹೋಯ್ತೀನಿ ಅಂತ ಬರ್ದಿದ್ದೀರಲ್ಲ, ಯಾರೇಳಿದ್ರು ನಿಮ್ಗೆ?”

“ಅದು ಕತೆ ಗೌಡ್ರೇ...”

“ಕತೆಯಾದ್ರೆ ಅವನ್ನೇ ಇತ್ಲಾಗೆ ಕಳಿಸ್ಬೋದಾಗಿತ್ತಲ್ಲ!”

ಯೂನಿಟ್ ಕೇಳಲಿಲ್ಲ. ಬೇಕೆಂದೇ ಸ್ವಲ್ಪ ತಡ ಮಾಡಿದೆ. ಆದರೂ ಕೇಳಲಿಲ್ಲ.

ಪಕ್ಕದ ಮನೆಯಲ್ಲಿ ಮಂಜೇಗೌಡರಿಗೆ ಖುಷಿಯೋ ಖುಷಿ. ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟರು. ಅಬ್ಬಾ, ಒಬ್ಬ ಅಭಿಮಾನಿಯಾದರೂ ಸಿಕ್ಕಿದರು!

“ಅಣ್ಣ ಯಾವಾಗ ಬತ್ತಾನೆ ಸಾರ್?”

“ನನಗೆ ಗೊತ್ತಿಲ್ವಲ್ಲ ಗೌಡ್ರೇ.”

“ಬರ್ದೋರು ನೀವು, ನಿಮ್ಗೇ ಗೊತ್ತಿಲ್ವಾ? ಬರ್ಲಿ ಬುಡಿ, ಕಾಯ್ತಾ ಇವ್ನಿ. ಪೇಪರಲ್ಲೇ ಬಂದ್ಮೇಲೆ ಇನ್ನು ನಾನ್ಯಾಕೆ ಹೋಗ್ಲಿ?”

ಅವರೂ ಯೂನಿಟ್ ಕೇಳಲಿಲ್ಲ.

ಬೀದಿ ತಿರುವಿನಲ್ಲಿ ಯಾರೋ ಹಿಂದಿನಿಂದ ಕರೆದರು. ಪುಟ್ಟೇಗೌಡರ ಮಗಳು, ಸೊಂಟದಲ್ಲಿ ಬಿಂದಿಗೆ. ಅವಳಿಗೆ ಮದುವೆ ಗೊತ್ತಾಗಿದೆ ಅನ್ನುವುದೇ ನನಗೆ ತಿಳಿದಿರಲಿಲ್ಲ.

“ಅಪ್ಪ ಹೋಗೋರಿದ್ರು ಸಾರ್,” ಅಂದಳು.

“ಎಲ್ಲಿಗಮ್ಮ?”

“ಚಿಕ್ಕಪ್ಪನ ಮನೆಗೆ. ಒಡಹುಟ್ಟಿದೋನು ಹಸ್ರು ಸೊಪ್ಪು ತಂದು ಹೊದಿಸ್ದೆ ನನ್ ಮಗಳ ಮದ್ವೆ ಚಪ್ಪರ ಎಂಗೆ ಏಳ್ತದೆ ಅಂತ ಅವ್ವನ ತಾವ ಅಂದಿದ್ರು. ಹೋಗಿ ಕರೀತೀನಿ ಅಂತ ಗಡ್ಡ ಮಾಡ್ಸಕೆ ಹೋದ್ರು. ಅಲ್ಲೇ ನಿಮ್ ಕತೆ ಓದ್ತಾ ಇದ್ರಂತೆ. ಈಗ ಹೋದ್ರೆ ಕತೆ ಕೇಳ್ಕಂಡು ಬಂದ ಅಂತ ಊರೋರು ನಗ್ತಾರೆ, ನಾನ್ ಹೋಗಾಕಿಲ್ಲ ಅಂತ ಕುಂತವ್ರೆ.”

ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

“ಇದ್ನೂ ಬರೀಬ್ಯಾಡಿ ಸಾರ್,” ಅಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, “ಬರೆದ್ರೆ ಸರ್ಯಾಗಿ ಬರೀರಿ,” ಅಂದಳು.

ಅವತ್ತು ಬಸ್ಸಿನಲ್ಲಿ ಸೀಟ್ ಸಿಕ್ಕಿತು, ಪೆನ್ನು ಮಾತ್ರ ಜೇಬಿನಿಂದ ಏಳಲಿಲ್ಲ. ನೀವೇ ಹೇಳಿ, ಇದೇನು ಲೆಕ್ಕ? ನಾನು ಸುಮ್ಮನೆ ಊಹಿಸಿ ಬರೆದ ಕೊನೆ ನಿಜವಾಗಿಯೂ ನಡೆಯುವುದರಲ್ಲಿತ್ತು. ಬರೆದಿದ್ದಕ್ಕೇ ನಿಂತುಹೋಯಿತು. ಮನುಷ್ಯರ ಮನಸ್ಸು ಬಲ್ಲೆ ಅಂತ ಬೀಗಲಾ? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆ ಅಂತ ಅಳಲಾ? ಬರೀ ಮೀಟರ್ ನೋಡಿಕೊಂಡಿದ್ದರೆ ಆ ಎರಡು ಮನೆಗಳ ನಡುವೆ ಸುದ್ದಿಯಾದರೂ ಓಡಾಡಿಕೊಂಡಿರುತ್ತಿತ್ತು. ಸಂಕಟವಾಗುತ್ತಿದೆ. ಜೊತೆಗೆ ಇನ್ನೊಂದು ಇದೆ, ಹೇಳಲು ನಾಚಿಕೆ: ಆ ಹುಡುಗಿ ಕಣ್ಣು ತುಂಬಿಕೊಂಡು ಮಾತಾಡುತ್ತಿದ್ದಾಗ ನನ್ನೊಳಗೆ ಯಾರೋ 'ಎಂಥಾ ಕತೆ!' ಅಂದಿದ್ದರು. ಅಂದವನು ಮೀಟರ್ ರೀಡರ್ ಅಂತೂ ಅಲ್ಲ.

ಅವಳು ಬೇಡ ಅಂದಿದ್ದೂ ಕೇಳಿಸಿತು, ಬರೀರಿ ಅಂದಿದ್ದೂ ಕೇಳಿಸಿತು. ಯಾವುದನ್ನು ಪಾಲಿಸಿದೆ ಅಂತ ನಿಮಗೆ ಕಾಣುತ್ತಲೇ ಇದೆ. ಇದರಿಂದ ಒಳ್ಳೆಯದಾಗುತ್ತೋ, ಇರುವ ಗೋಡೆ ಇನ್ನೊಂದು ಅಡಿ ಏಳುತ್ತೋ, ದೇವರಾಣೆ ನನಗೆ ತಿಳಿಯದು.

ಮಂಜೇಗೌಡರೇ, ನಿಮ್ಮಣ್ಣ ನಿಮ್ಮ ಮನೆಗೆ ಹೊರಟಿದ್ದು ನನ್ನ ಕತೆ ಕೇಳುವ ಮೊದಲು. ಈಗ ಚಪ್ಪರದ ಸೊಪ್ಪು ಹೊತ್ತುಕೊಂಡು ನೀವೇ ಈಚೆ ಬಂದರೆ ಆಗದೇ?