ಮಾವನ ಬೀಗದ ಮುಚ್ಚಳ

ಕಳೆದ ವಾರ ಮಾವನ ಮಗಳು ಒಂದು ಗೋಣಿಚೀಲ ತಂದು ನಮ್ಮ ಜಗಲಿಯಲ್ಲಿಟ್ಟಳು. ಬೋಳಾರದ ಅವರ ಮನೆ ಕೆಡವಿ ಫ್ಲ್ಯಾಟ್ ಕಟ್ಟುತ್ತಾರಂತೆ, ಕಾರಿನ ಶೆಡ್ಡು ಖಾಲಿ ಮಾಡುವಾಗ ಸಿಕ್ಕಿದ್ದಂತೆ. "ಗುಜರಿಯವನಿಗೆ ಕೊಡುವ ಮೊದಲು ನೀನೊಮ್ಮೆ ನೋಡು" ಎಂದು ಹೇಳಿ ಹೋದಳು. ಒಳಗೆ ಎರಡು ಸ್ಪ್ಯಾನರ್, ಒಡೆದ ಒಂದು ಹೆಡ್‌ಲೈಟ್, ಹಳೇ ಬನಿಯನ್ನಿನ ತುಂಡಿನಲ್ಲಿ ಸುತ್ತಿಟ್ಟ ಏನೋ ಒಂದು. ಬಟ್ಟೆ ಬಿಡಿಸಿದ ಕೂಡಲೇ ಕರಗಿ ಅಂಟಂಟಾದ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು... ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ನಡುವಿನಲ್ಲಿ ಬೀಗ ಇರುವಂಥದ್ದು. ನಲವತ್ತು ವರ್ಷ ದಾಟಿದೆ, ಆದರೂ ಕಂಡ ಕೂಡಲೇ ಹಲ್ಲು ಕಡಿಯುವ ಹಾಗಾಯಿತು. ಸರಿಯಾಗಿ ನೋಡಲೂ ಇಲ್ಲ, ಚೀಲಕ್ಕೆ ವಾಪಸ್ ಎಸೆದೆ.

ಮಾವ ಎಂದರೆ ಅಮ್ಮನ ಅಣ್ಣ. ನಮ್ಮ ಕಡೆ ಮನೆಯಲ್ಲಿ ಅಪ್ಪನಿಗಿಂತ ಮಾವನ ಮಾತೇ ಮೇಲೆ. ನಾನಂತೂ ಸಣ್ಣವಳಿರುವಾಗಲೇ ಅಪ್ಪ ತೀರಿಹೋಗಿದ್ದರು, ಹಾಗಾಗಿ ಉಪ್ಪಿನಿಂದ ಕರ್ಪೂರದವರೆಗೆ ಎಲ್ಲವೂ ಮಾವನದ್ದೇ ತೀರ್ಮಾನ. ಎಪ್ಪತ್ತರ ದಶಕದಲ್ಲಿ ಭೂಮಸೂದೆ ಬಂದು ಗದ್ದೆಗಳೆಲ್ಲ ಒಕ್ಕಲಿನವರಿಗೆ ಹೋದವು. ಬೇರೆಯವರು ಉಳಿದದ್ದರಲ್ಲಿ ಹೋಟೆಲ್ ಇಟ್ಟರು, ಮಕ್ಕಳನ್ನು ಓದಿಸಿದರು. ಮಾವ ಕಾರು ತೆಗೆದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಅದಾದರೂ ಎಂಥ ಕಾರು? ಬೊಂಬಾಯಿಯ ಗೆಳೆಯನೊಬ್ಬ ಪೀಡೆ ಕಳೆಯಿತೆಂದು ಇವರ ತಲೆಗೆ ಕಟ್ಟಿದ ಅಮೆರಿಕದ ಹಳೇ ಗಾಡಿ. ಎರಡೇ ಬಾಗಿಲು, ಎಂಟು ಸಿಲಿಂಡರು, ಬಾನೆಟ್ಟೇ ನಮ್ಮ ಅಡುಗೆಮನೆಯಷ್ಟು ಉದ್ದ. ಆ ದೇಶದಲ್ಲಿ ಪಡ್ಡೆ ಹುಡುಗರು ರೇಸಿಗೆ ಬಿಡುವ ಕಾರಂತೆ. ಮಾವ ಅದರಲ್ಲಿ ಮಂಗಳಾದೇವಿ ದೇವಸ್ಥಾನಕ್ಕೆ ಹೋಗುತ್ತಿದ್ದರು, ನಡೆದರೆ ಐದು ನಿಮಿಷದ ದಾರಿಗೆ. ನಮ್ಮ ಓಣಿಯಲ್ಲಿ ಅದನ್ನು ತಿರುಗಿಸಲು ಜಾಗವಿಲ್ಲದೆ ರಿವರ್ಸಿನಲ್ಲೇ ಮನೆಗೆ ಬರುತ್ತಿದ್ದರು. ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಮುಖ ಮಾತ್ರ ಜಮೀನ್ದಾರನದ್ದೇ.

ಒಮ್ಮೆ ಯಾವುದೋ ಮದುವೆ ಚಪ್ಪರದ ಎದುರು ಟ್ಯಾಂಕಿನ ಮುಚ್ಚಳ ಕಳವಾಯಿತು. ಮಾವ ಬೊಂಬಾಯಿಗೆ ಕಾಗದ ಬರೆದು ಈ ಬೀಗದ ಮುಚ್ಚಳ ತರಿಸಿದರು, ಕೀಲಿಕೈಯನ್ನು ಕೊರಳ ಚೈನಿಗೆ ಪೋಣಿಸಿಕೊಂಡರು. ಕಾರು ದಾರಿಯಲ್ಲಿ ನಿಲ್ಲಲು ಶುರುವಾದದ್ದು ಆಮೇಲೆ. ಹೊರಡುವಾಗ ಹುಲಿಯ ಹಾಗೆ ಗುರುಗುಟ್ಟುತ್ತಿತ್ತು, ನಾಲ್ಕೈದು ಮೈಲು ಹೋದರೆ ಕೆಮ್ಮಿ, ಜಗ್ಗಿ, ನಿಂತೇ ಬಿಡುತ್ತಿತ್ತು. ಮಾವ ಇಳಿದು ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. "ಪಂಪ್ ಬಿಸಿಯಾಗಿದೆ. ತಂಪು ದೇಶದ ಕಾರು, ನಮ್ಮ ಸೆಕೆ ತಡೆಯುವುದಿಲ್ಲ ಅದಕ್ಕೆ" ಎಂದು ನೋಡಲು ನಿಂತವರಿಗೆ ಪಾಠ. ಅರ್ಧ ಗಂಟೆ ಕಳೆದ ಮೇಲೆ ಕಾರು ಹೊರಡುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತಲ್ಲ, ಇನ್ನು ಮಾವನಿಗೆ ಬೇರೆ ಸಾಕ್ಷಿ ಯಾಕೆ?

ಹಿಂದಿನ ಸೀಟಿನಲ್ಲಿ ಅಮ್ಮನ ಜೊತೆ ಬೆವರುತ್ತಾ ಕೂತಿದ್ದ ನನಗೆ ಬೇರೆಯದೇ ಕಾಣುತ್ತಿತ್ತು. ಬಂಕಿನಲ್ಲಿ ಮಾವ ಆ ಮುಚ್ಚಳ ತೆರೆದಾಗಲೆಲ್ಲ ಸುಂಯ್ ಎಂದು ಟ್ಯಾಂಕು ಗಾಳಿ ಎಳೆದುಕೊಳ್ಳುವ ಸದ್ದು. ಟ್ಯಾಂಕು ಅರ್ಧ ಖಾಲಿ ಇದ್ದರೆ ಕಾರು ನಿಲ್ಲದೆ ಹತ್ತು ಮೈಲು ಆಚೆಯ ಬಜಪೆಯವರೆಗೂ ಹೋಗುತ್ತಿತ್ತು. ಕಂಠದವರೆಗೆ ತುಂಬಿಸಿದ ದಿನ ಮಾತ್ರ ಊರು ದಾಟುವ ಮೊದಲೇ ಕೆಮ್ಮು. ಅಡುಗೆಮನೆಯಲ್ಲಿ ಎಣ್ಣೆ ಡಬ್ಬ ಒಡೆದ ಎಲ್ಲರಿಗೂ ಇದು ಗೊತ್ತು. ಒಂದೇ ತೂತು ಮಾಡಿದರೆ ಎಣ್ಣೆ ಗುಳುಗುಳು ಎಂದು ನಾಲ್ಕು ಹನಿ ಬಂದು ನಿಲ್ಲುತ್ತದೆ. ಎದುರಿನ ಮೂಲೆಗೆ ಮೊಳೆಯಿಂದ ಇನ್ನೊಂದು ತೂತು ಹೊಡೆದರೆ ಅದರಿಂದ ಗಾಳಿ ಒಳಗೆ ಹೋಗಿ ಎಣ್ಣೆ ಧಾರೆಯಾಗಿ ಬರುತ್ತದೆ. ಹಳೇ ಮುಚ್ಚಳದಲ್ಲಿ ಗಾಳಿಗೆ ದಾರಿ ಇದ್ದಿರಬೇಕು, ಈ ಬೀಗದ್ದರಲ್ಲಿ ಇಲ್ಲ. ತುಂಬಿದ ಟ್ಯಾಂಕಿನಲ್ಲಿ ಇರುವ ಗಾಳಿಯೇ ಚೂರು, ಅದಕ್ಕೇ ಬೇಗ ನಿಲ್ಲುವುದು. ಅರ್ಧ ಗಂಟೆಯಲ್ಲಿ ಮುಚ್ಚಳದ ರಬ್ಬರಿನ ಸಂದಿಯಿಂದ ಸ್ವಲ್ಪ ಗಾಳಿ ನುಸುಳುತ್ತದೆ, ಕಾರು ಹೊರಡುತ್ತದೆ. ಒದ್ದೆ ಬಟ್ಟೆಗೆ ಸುಮ್ಮನೆ ಮರ್ಯಾದೆ.

ಒಂದು ಭಾನುವಾರ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಹೇಳಿಯೇ ಬಿಟ್ಟೆ. "ಮಾವ, ಆ ಮುಚ್ಚಳಕ್ಕೆ ಒಂದು ಸಣ್ಣ ತೂತು ಮಾಡಿ ನೋಡಿ. ಎಣ್ಣೆ ಡಬ್ಬಕ್ಕೆ ಮಾಡ್ತೇವಲ್ಲ, ಹಾಗೆ."

ಮಾವ ಊಟ ನಿಲ್ಲಿಸಿ ನಕ್ಕರು. "ಎಣ್ಣೆ ಡಬ್ಬಕ್ಕೂ ಅಮೆರಿಕದ ಕಾರಿಗೂ ಎಂತ ಸಂಬಂಧ ಮಾರಾಯ್ತಿ?" ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ನಾನು 'ಅಡುಗೆಮನೆ ಎಂಜಿನಿಯರ್'. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಎದುರು ಉಳಿದ ಒಂದು ಕಾಲನ್ನು ತೋರಿಸುವುದು ನನ್ನ ಮೂರ್ಖತನವೇ ಸರಿ.

ಇದೆಲ್ಲ ನಗುವ ಸಂಗತಿಯಾಗಿಯೇ ಉಳಿಯುತ್ತಿತ್ತೋ ಏನೋ... ಆ ಮೇ ತಿಂಗಳಲ್ಲಿ ನನಗೆ ಪಣಂಬೂರಿನ ಒಂದು ಕಂಪೆನಿಯಿಂದ ಟೈಪಿಸ್ಟ್ ಕೆಲಸಕ್ಕೆ ಕರೆ ಬಂತು. ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾಗಿ ಒಂದು ವರ್ಷ ಅರ್ಜಿ ಹಾಕಿ ಹಾಕಿ ಸುಸ್ತಾದ ಮೇಲೆ ಬಂದ ಒಂದೇ ಒಂದು ಕರೆ. ಇತ್ತ ಮಾವ ನನಗೆ ಹುಡುಗನನ್ನು ನೋಡಿಟ್ಟಿದ್ದರು. ಅಮ್ಮ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿದ ಮೇಲೆ ಒಪ್ಪಿದ್ದರು. ಈ ಕೆಲಸ ಸಿಕ್ಕಿದರೆ ಎರಡು ವರ್ಷ ಮದುವೆಯ ಮಾತಿಲ್ಲ, ಸಿಗದಿದ್ದರೆ ಮಳೆಗಾಲ ಮುಗಿದ ಕೂಡಲೇ ಮದುವೆ. ಒಂಬತ್ತೂವರೆಗೆ ಟೈಪಿಂಗ್ ಪರೀಕ್ಷೆ. ನಾನು ಏಳೂವರೆಯ ಬಸ್ಸಿಗೆ ಹೋಗುವುದೆಂದು ಸೀರೆಗೆ ಇಸ್ತ್ರಿ ಹಾಕಿಟ್ಟಿದ್ದೆ.

ನಮ್ಮ ಮನೆಯ ಹೆಣ್ಣು ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವುದಾ ಎಂದರು ಮಾವ. ಅಷ್ಟೇ ಅಲ್ಲ, ಶುಭಕಾರ್ಯವೆಂದು ಟ್ಯಾಂಕು ಕಂಠದವರೆಗೆ ತುಂಬಿಸಿದರು. ಕಾರಿಗೆ ಅರ್ಧ ಗಂಟೆಯ ದಾರಿ ಎಂದು ಹೊರಡಿಸಿದ್ದೇ ಒಂಬತ್ತು ಗಂಟೆಗೆ.

ಕೂಳೂರು ಸೇತುವೆ ಇನ್ನೂ ಸಿಕ್ಕಿರಲಿಲ್ಲ, ಕಾರು ಕೆಮ್ಮಿತು. ಮಾವ ಇಳಿದು ಬಾನೆಟ್ ಎತ್ತಿದರು, ಬಟ್ಟೆ ಒದ್ದೆ ಮಾಡಿದರು. ನಾನೂ ಇಳಿದು ಕೈಚಾಚಿ ನಿಂತೆ.

"ಮಾವ, ಕೀ ಕೊಡಿ. ಒಮ್ಮೆ ಮುಚ್ಚಳ ತೆಗೆದು ಹಾಕ್ತೇನೆ, ಒಂದು ನಿಮಿಷದ ಕೆಲಸ."

"ಟ್ಯಾಂಕ್ ಫುಲ್ ಉಂಟು, ನಾನೇ ಹಾಕಿಸಿದ್ದು. ತೆಗೆದು ಎಂತ ನೋಡುವುದು? ಒಳಗೆ ಕೂತುಕೋ. ಹೆಣ್ಣುಮಗಳು ಮಾರ್ಗದಲ್ಲಿ ನಿಲ್ಲಬೇಡ."

ಕೀ ಅವರ ಕೊರಳಲ್ಲಿ ನನ್ನ ಕಣ್ಣೆದುರೇ ತೂಗುತ್ತಿತ್ತು. ಎಳೆದು ಕಿತ್ತುಕೊಳ್ಳಬಹುದಿತ್ತು. ಆಗಿನ ಕಾಲದಲ್ಲಿ ಮಾವನ ಕೊರಳಿಗೆ ಕೈ ಹಾಕುವುದೆಂದರೆ... ಹಾಕಲಿಲ್ಲ. ಇಪ್ಪತ್ತು ನಿಮಿಷ ಕಾದೆ, ಆಮೇಲೆ ಬಂದ ಎರಡು ಬಸ್ಸುಗಳು ತುಂಬಿ ನಿಲ್ಲಿಸದೆ ಹೋದವು. ಮೂರನೆಯದರ ಮೆಟ್ಟಿಲಲ್ಲಿ ನೇತಾಡಿಕೊಂಡೇ ಹೋದೆ. ತಲುಪಿದಾಗ ಹತ್ತು ದಾಟಿತ್ತು. ಮುಚ್ಚಿದ ಬಾಗಿಲಿನ ಒಳಗಿಂದ ಹತ್ತಾರು ಟೈಪ್‌ರೈಟರುಗಳ ಸದ್ದು ಕೇಳುತ್ತಿತ್ತು. ಜವಾನ ಪಟ್ಟಿ ನೋಡಿ, ನಿಮ್ಮ ಹೆಸರು ಎರಡು ಸಲ ಕರೆದಾಯಿತು ಎಂದ.

ಅವಳ ಹಣೆಯಲ್ಲಿ ಬರೆದಿರಲಿಲ್ಲ ಎಂದು ಮಾವ ಊರಿಗೆಲ್ಲ ಹೇಳಿದರು. ಬೇಕೆಂದೇ ಕಾರು ನಿಲ್ಲಿಸಿದ್ದೆಂದು ಕೆಲವರು ಪಿಸುಗುಟ್ಟಿದರು. ನಾನು ಅದನ್ನು ಒಂದು ಕ್ಷಣವೂ ನಂಬಲಿಲ್ಲ, ಅಷ್ಟು ಬುದ್ಧಿ ಮಾವನಿಗೆ ಎಲ್ಲಿಂದ ಬರಬೇಕು? ಅಂದಿನಿಂದ ಅವರೊಂದಿಗೆ ಮಾತು ಬಿಟ್ಟೆ.

ಮಳೆಗಾಲ ಮುಗಿದ ಕೂಡಲೇ ಮದುವೆಯಾಯಿತು. ಗಂಡ ಒಳ್ಳೆಯವರೇ, ಅದು ಬೇರೆ ಮಾತು. ಆದರೆ ನಾನು ಕಲಿತ ಟೈಪಿಂಗಿನಿಂದ ಜೀವಮಾನದಲ್ಲಿ ಟೈಪ್ ಮಾಡಿದ್ದು ಗಂಡನ ಹೋಟೆಲಿನ ತಿಂಡಿ ಪಟ್ಟಿ ಮಾತ್ರ. ಮದುವೆಯ ದಿನ ಮಾವ ಕಾರಿಗೆ ಹೂವು ಕಟ್ಟಿ ತಂದು ನಿಲ್ಲಿಸಿದ್ದರು. "ಅಣ್ಣ ಹೇಳ್ತಾರೆ, ಈಗ ಕಾರು ಎಲ್ಲಿಯೂ ನಿಲ್ಲುವುದಿಲ್ಲವಂತೆ" ಎಂದು ಅಮ್ಮ ಕಿವಿಯಲ್ಲಿ ಹೇಳಿದರು. ಹೌದಾ, ಹೊಸ ಒದ್ದೆ ಬಟ್ಟೆ ತಂದಿರಬೇಕು ಎಂದೆ. ಚಪ್ಪರದಿಂದ ಹೊರಬಂದಾಗ ಮಾವ ಕಾರಿನ ಹಿಂಬದಿಯಲ್ಲಿ, ಟ್ಯಾಂಕಿನ ಪಕ್ಕ ನಿಂತಿದ್ದರು. ಚೈನಿನಿಂದ ತೆಗೆದ ಕೀ ಕೈಯಲ್ಲಿತ್ತು. "ಮಗಾ, ಇಲ್ಲಿ ಒಮ್ಮೆ ಬಾ" ಎಂದರು. ಕೇಳದವಳ ಹಾಗೆ ಹೋಗಿ ಬಾಡಿಗೆಯ ಅಂಬಾಸಿಡರಿನಲ್ಲಿ ಕೂತೆ. ಹೂವು ಕಟ್ಟಿದ ಆ ದೊಡ್ಡ ಕಾರು ಖಾಲಿಯೇ ಹಿಂದಿನಿಂದ ಬಂತು. ಎಲ್ಲಿಯೂ ನಿಲ್ಲದೆ ಬಂತು, ಈಗ ಯೋಚಿಸಿದರೆ.

ಮಾವ ಎಂಬತ್ತರ ದಶಕದ ನಡುವೆ ತೀರಿಕೊಂಡರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋಗಿ ಬಂದೆ. ಕಣ್ಣಲ್ಲಿ ನೀರು ಬರಲಿಲ್ಲ, ಬರಿಸಲೂ ಇಲ್ಲ.

ಇವತ್ತು ಬೆಳಿಗ್ಗೆ ಗುಜರಿಯವನಿಗೆ ಚೀಲ ಕೊಡುವ ಮೊದಲು ಮುಚ್ಚಳ ಇನ್ನೊಮ್ಮೆ ಕೈಗೆತ್ತಿಕೊಂಡೆ. ಬೀಗದ ಪಕ್ಕ, ಅಂಚಿನ ಹತ್ತಿರ, ಒಂದು ತೂತು ಉಂಟು. ದಬ್ಬಣ ಹೋಗುವಷ್ಟು. ಕಂಪೆನಿಯವರು ಮಾಡಿದ್ದಲ್ಲ. ಪಕ್ಕದಲ್ಲೇ ಎರಡು ಕಡೆ ಡ್ರಿಲ್ ಜಾರಿ ಗೀಚಿದ ಗುರುತು. ಕ್ಯಾಲೆಂಡರಿಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದ ಮನುಷ್ಯ, ಯಾರಿಗೂ ಕಾಣದ ಹಾಗೆ ಶೆಡ್ಡಿನಲ್ಲಿ ಕೂತು ಎರಡು ಸಲ ಸೋತು ಮೂರನೇ ಸಲಕ್ಕೆ ಕೊರೆದಿದ್ದಾರೆ. ಬಾಯಿಯಿಟ್ಟು ಊದಿದೆ, ಗಾಳಿ ಸಲೀಸಾಗಿ ಆಚೆ ಹೋಯಿತು.

ನೀನು ಹೇಳಿದ್ದೇ ಸರಿ ಎಂಬ ಒಂದು ಮಾತನ್ನು ಬಾಯಿಬಿಟ್ಟು ಹೇಳಲು ಎಂತ ದಾಡಿ ಇತ್ತು ಮಾವನಿಗೆ? ನನ್ನನ್ನು ನೋಡಿ ನಕ್ಕದ್ದು ನೆಂಟರ ಪಂಕ್ತಿಯಲ್ಲಿ, ಒಪ್ಪಿಕೊಂಡದ್ದು ಮಾತ್ರ ಶೆಡ್ಡಿನ ಕತ್ತಲಲ್ಲಿ. ಹೋದ ಕೆಲಸ ಹೋಯಿತು, ಅದಕ್ಕೆ ನನ್ನಲ್ಲಿ ಈಗಲೂ ಕ್ಷಮೆ ಇಲ್ಲ. ಆದರೆ ಮದುವೆಯ ದಿನ ಕೀ ಹಿಡಿದುಕೊಂಡು ಅವರು ಕರೆದದ್ದು ಇದನ್ನು ತೋರಿಸಲಿಕ್ಕೆ. ಆರೇಳು ಹೆಜ್ಜೆಯ ದೂರ. ನಾನು ಹೋಗಲಿಲ್ಲ.