ಆಮೆಗೆ ಹಚ್ಚಿದ ದೀಪ

ಪುಣೆಯ ವಾಕಡದ ನಮ್ಮ ಸೊಸೈಟಿಯಲ್ಲಿ ಅಂಬಾಬಾಯಿ ಎದುರಾದರೆ ಜನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಕೈಗೆ ಸಿಕ್ಕರೆ ಮುಗಿಯಿತು, ಕಡಲಾಮೆಯ ಮಾತು ಶುರು. ಧಾರವಾಡದಿಂದ ಮದುವೆಯಾಗಿ ಬಂದು ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಹೆಂಗಸು. ಒಮ್ಮೆ ಕೊಂಕಣದ ದಂಡೆಯಲ್ಲಿ ನಾಯಿಗಳು ಮರಳು ಬಗೆದು ಆಮೆಯ ಮೊಟ್ಟೆ ತಿನ್ನುವುದನ್ನು ಕಂಡರು. ಅಂದಿನಿಂದ ಪ್ರತಿ ಚಳಿಗಾಲ ಅಲ್ಲಿಗೆ ಹೋಗಿ ಕಾವಲು ಕಾಯುತ್ತಾರೆ. ನಾಯಿ ಓಡಿಸಿದರೆ ಪುಣೆಯ ಹುಡುಗರು ಮರಳಿನ ಮೇಲೆ ಜೀಪು ನುಗ್ಗಿಸುತ್ತಾರೆ. ಜೀಪು ತಡೆದರೆ ಹೋಟೆಲಿನವರು ದೊಡ್ಡ ದೊಡ್ಡ ದೀಪ ಹಾಕುತ್ತಾರೆ. ಬೆಳಕು ಕಂಡರೆ ಮೊಟ್ಟೆಯಿಡಲು ಬಂದ ಆಮೆ ತಿರುಗಿ ಹೋಗುತ್ತದೆ ಎಂದು ಗಂಟಲು ಹರಿದುಕೊಂಡರೂ ಯಾರ ಕಿವಿಗೂ ಹೋಗುವುದಿಲ್ಲ.

"ಕಣ್ಣಾರೆ ಕಂಡರ ಬುದ್ಧಿ ಬರ್ತದ" ಎಂದು ಈ ಕಾರ್ತಿಕದಲ್ಲಿ ನಮ್ಮನ್ನೇ ಹೊರಡಿಸಿದರು. ಅವರ ನಾದಿನಿ ನೀಲಿಮಾ ಒಂದಷ್ಟು ಹೆಂಗಸರನ್ನು ಕೂಡಿಸಿದಳು. ಕತ್ತಲಾದ ಮೇಲೆ ನಮ್ಮನ್ನು ದಂಡೆಯಲ್ಲಿ ಕೂಡಿಸಿ, "ಮೊಬೈಲ್ ತೆಗೀಬ್ಯಾಡ್ರಿ, ಬ್ಯಾಟರಿ ಹಚ್ಚಬ್ಯಾಡ್ರಿ" ಎಂದು ತಾಕೀತು ಮಾಡಿ, ಅಂಬಾಬಾಯಿ ಹೋಟೆಲಿನವನ ಮೇಲೆ ಜಗಳಕ್ಕೆ ಹೋದರು. ಅವನು ಗೊಣಗುತ್ತಲೇ ದೀಪ ಆರಿಸಿದ. ಅಷ್ಟು ವರ್ಷಗಳಲ್ಲಿ ಅವರು ಗೆದ್ದದ್ದು ಅದೊಂದೇ ಜಗಳ.

ಆಗಲೇ ಅಲೆ ದಾಟಿ ಆಮೆಯೊಂದು ಮೇಲೆ ಬಂತು. ನೀಲಿಮಾ ಚೀಲದಿಂದ ಪಣತಿ ತೆಗೆದಳು. ಕಾರ್ತಿಕ ಮಾಸ, ಸಾಕ್ಷಾತ್ ಕೂರ್ಮಾವತಾರ, ಬಸುರಿ ಬೇರೆ! ಬರಿಗೈಯಲ್ಲಿ ಬರಮಾಡಿಕೊಳ್ಳುವುದೆಂದರೇನು? ಹೆಂಗಸರೆಲ್ಲ ಸಾಲಾಗಿ ದೀಪ ಹಚ್ಚಿಟ್ಟರು. ಬೇಡ ಎಂದ ನನಗೇ ಪಾಠ ಹೇಳಿದರು: "ಇದು ಮೊಬೈಲ್ ಅಲ್ಲರೀ, ದೇವರ ದೀಪ."

ಅಂಬಾಬಾಯಿ ಏದುಸಿರು ಬಿಡುತ್ತ ಓಡಿ ಬಂದರು. ಕೂಗಿದರೆ ಆಮೆ ಬೆದರೀತೆಂದು ಹಲ್ಲು ಕಚ್ಚಿಕೊಂಡು, ಎರಡೂ ಕೈಯಿಂದ ಮರಳು ಬಾಚಿ ದೀಪಗಳ ಮೇಲೆ ಸುರಿಯತೊಡಗಿದರು.

"ವೈನಿ! ಮುತ್ತೈದಿ ಆಗಿ ದೀಪ ಆರಸ್ತೀರೇನ್ರಿ?" ನೀಲಿಮಾ ಗಾಬರಿಯಾಗಿ ಅವರ ಕೈ ಹಿಡಿದುಕೊಂಡಳು.

ಕೊಸರಿಕೊಳ್ಳುವಷ್ಟರಲ್ಲಿ ಆಮೆ ನಿಂತಿತು. ಮೆಲ್ಲಗೆ ಹೊರಳಿ, ಮೊಟ್ಟೆ ಹೊತ್ತುಕೊಂಡೇ ನೀರಿಗಿಳಿಯಿತು.

ಅಂಬಾಬಾಯಿ ಮರಳಲ್ಲಿ ಕುಸಿದು ಕೂತು ಅತ್ತರು. ಸಿಟ್ಟಿನ ಅಳು ಅದು. ನನಗಂತೂ ಪಣತಿಗಳನ್ನೆಲ್ಲ ಒದೆಯಬೇಕೆನಿಸಿತು. ನೀಲಿಮಾ ಪಾಪ, ಕಣ್ಣೊರೆಸಿಕೊಳ್ಳುತ್ತ ಅವರ ಬೆನ್ನು ಸವರಿದಳು.

"ಅಳಬ್ಯಾಡ್ರಿ ವೈನಿ. ದರ್ಶನ ಕೊಟ್ಟು ಹೋದ್ಲು, ನಮ್ಮ ಪುಣ್ಯ ಭಾಳ ದೊಡ್ಡದು. ಮುಂದಿನ ವರ್ಷ ಇನ್ನೂ ಜಾಸ್ತಿ ದೀಪ ತರೂಣಂತ."