ಹಾಫಿಜ್ ಅಲ್ಲ ಎಂದು ಬರೆದವನು

‘ಪ್ರತಿಕ್ರಿಯೆಗೆ ಸಿಗಲಿಲ್ಲ’ ಎಂದು ನಾನು ಬರೆದದ್ದು ಸುಳ್ಳು. ನೀವು ಸಿಕ್ಕಿದ್ದಿರಿ ಖಲೀಲ್ ಸಾಹೇಬರೇ. ಫೋನಿನಲ್ಲಿ ನಗುನಗುತ್ತಲೇ ಎಲ್ಲ ಬಿಡಿಸಿ ಹೇಳಿದ್ದಿರಿ. ಅದನ್ನು ನಾನು ನುಂಗಿಬಿಟ್ಟೆ.

ತೊಂಬತ್ತರ ದಶಕ. ನಾನು ಹಲಸೂರಿನವನು, ಸಂಜೆ ಪತ್ರಿಕೆಯೊಂದರ ವರದಿಗಾರ. ನೀವು ಶಿವಾಜಿನಗರದಲ್ಲಿ ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಂತವರು. ನಿಮ್ಮ ಪೋಸ್ಟರಿನಲ್ಲಿ ಹೆಸರಿನ ಹಿಂದೆ ‘ಹಾಫಿಜ್’ ಎಂದಿತ್ತು — ಕುರಾನನ್ನು ಪೂರ್ತಿ ಬಾಯಿಪಾಠ ಮಾಡಿದವರು. ಅದೆಲ್ಲ ಬೊಗಳೆ ಎಂದು ಎದುರಾಳಿಗಳು ಪುಕಾರು ಎಬ್ಬಿಸಿದರು. ‘ನೀನೇ ಹೋಗಿ ಚೆಕ್ ಮಾಡಯ್ಯಾ’ ಅಂದರು ನಮ್ಮ ಸಂಪಾದಕರು. ನಾನೋ — ಅರಬ್ಬಿಯ ಒಂದಕ್ಷರ ಗೊತ್ತಿಲ್ಲದವನು!

ಆಗ ರಂಜಾನ್. ಆ ತಿಂಗಳ ರಾತ್ರಿ ನಮಾಜಿನಲ್ಲಿ ನೀವೇ ಮುಂದೆ ನಿಂತು, ದಿನಕ್ಕಿಷ್ಟು ಎಂದು ಪುಸ್ತಕ ನೋಡದೆ ಕುರಾನ್ ಓದುತ್ತಿದ್ದಿರಿ. ಮಸೀದಿಯ ಗೇಟಿನ ಬಳಿ ನಿಂತು ಕಿವಿಗೊಟ್ಟೆ. ನಡುವೆ ಒಂದು ಕಡೆ ನೀವು ತಡವರಿಸಿದಿರಿ. ಹಿಂದಿನ ಸಾಲಿನಿಂದ ಯಾರೋ ಮುಂದಿನ ಮಾತು ಎತ್ತಿಕೊಟ್ಟರು. ಸಿಕ್ಕಿಬಿದ್ದ ಮಗಾ ಎಂದು ಕುಣಿದೆ — ಹೌದು, ಬೀದಿಯಲ್ಲೇ ಕುಣಿದುಬಿಟ್ಟೆ.

ಬೆಳಿಗ್ಗೆ ನಿಮಗೆ ಫೋನ್ ಮಾಡಿದೆ. ‘ಅಯ್ಯೋ ಸಾರ್, ಹಿಂದೆ ಇನ್ನೊಬ್ಬ ಹಾಫಿಜ್ ನಿಲ್ಲೋದೇ ಅದಕ್ಕೆ. ಎಂಥವ್ರಿಗೂ ನಾಲಗೆ ತಪ್ಪುತ್ತೆ, ಅವ್ರು ಎತ್ಕೊಡ್ತಾರೆ. ಯಾವ ಮಸೀದೀಲಿ ಬೇಕಾದ್ರೂ ಕೇಳಿ.’

ಕೇಳಲಿಲ್ಲ. ಕೇಳಿದ್ದರೆ ಸುದ್ದಿ ಅಲ್ಲೇ ಸಾಯುತ್ತಿತ್ತು. ಮೊದಲ ಪುಟ, ಕೆಳಗೆ ನನ್ನ ಹೆಸರು — ಆ ಆಸೆ ಎಷ್ಟಿತ್ತೆಂದರೆ... ಥೂ! ‘ಹೇಳಿಕೊಡದೆ ಓದಲಾರದ ಹಾಫಿಜ್’ ಎಂದು ಬರೆದುಕೊಟ್ಟೆ.

ನೀವು ಸೋತಿರಿ. ಎಲೆಕ್ಷನ್ ಹಾಳಾಗಲಿ. ಮಸೀದಿ ಕಮಿಟಿಯವರಿಗೆ ನಿಜ ಗೊತ್ತಿತ್ತು, ಆದರೂ ಪೇಪರಿನಲ್ಲಿ ಬಂದ ಮೇಲೆ ಬೀದಿಯಲ್ಲಿ ಗಲಾಟೆ ಯಾಕೆ ಎಂದು ಮರುವರ್ಷದ ರಂಜಾನ್ ನಮಾಜಿಗೆ ಬೇರೆಯವರನ್ನು ಮುಂದೆ ನಿಲ್ಲಿಸಿದರು. ಇದು ಕಿವಿಗೆ ಬಿದ್ದಾಗ ಸಂಪಾದಕರ ಮುಂದೆ ನಿಂತು, ತಪ್ಪಾಗಿದೆ ಎಂದು ಒಂದು ಸಾಲು ಹಾಕೋಣ ಅಂದೆ. ‘ಹಳೇ ಕಥೆ ಬಿಡೋ’ ಅಂದರು. ಬಿಟ್ಟೆ. ಕೆಲಸ ಹೋದೀತೆಂಬ ಹೆದರಿಕೆ — ಅಷ್ಟೇ, ಇನ್ನೇನಿಲ್ಲ.

ಎಷ್ಟೋ ವರ್ಷದ ಮೇಲೆ, ಆ ಪತ್ರಿಕೆಯೂ ಮುಚ್ಚಿಹೋದ ಮೇಲೆ, ಲಿಂಗರಾಜಪುರದ ನಿಮ್ಮ ಮನೆ ಹುಡುಕಿಕೊಂಡು ಬಂದೆ. ಇದ್ದದ್ದೆಲ್ಲ ಹೇಳಿದೆ. ಈಗಲಾದರೂ ನನ್ನ ಹೆಸರು ಹಾಕಿ ನಿಜ ಬರೆಯುತ್ತೇನೆ, ನೀವು ಹೂಂ ಅಂದರೆ ಸಾಕು, ಅಂದೆ. ಬೈಯುತ್ತೀರೆಂದು ಕಾದೆ. ನೀವು ಬೈಯಲಿಲ್ಲ.

‘ಏನಂತ ಬರೀತೀರಿ ಸಾರ್? ರಂಜಾನ್‌ಗೆ ಮುಂದೆ ನಿಂತು ಓದ್ಬೇಕು ಅಂತ ವರ್ಷಪೂರ್ತಿ ತಿದ್ಕೊಳ್ತಾ ಇದ್ರೇನೇ ಅದು ತಲೇಲಿ ನಿಲ್ಲೋದು. ಮನೇಲಿ ಒಬ್ನೇ ಓದ್ಕೊಂಡೆ ಸ್ವಲ್ಪ ದಿನ. ಆಮೇಲೆ ಮನಸ್ಸೇ ಬರ್ಲಿಲ್ಲ. ಅರ್ಧಕ್ಕರ್ಧ ಹೋಗ್ಬಿಟ್ಟಿದೆ. ನೀವು ಬರೆದಿದ್ದೇ ಈಗ ನಿಜ.’

ನಾನು ತಿದ್ದಲು ಬಂದಿದ್ದ ಸುಳ್ಳು ಅಲ್ಲಿ ಉಳಿದಿರಲೇ ಇಲ್ಲ.